ಆರು ಹೇಂಟೆಗಳಿಗೊಂದು ಮನೆ: ಅಮಿಶ್ ಮರಗೆಲಸ ಮತ್ತು ಹಿತ್ತಿಲ ಕೋಳಿಗೂಡು

2025ರ ಮಾರ್ಚ್ ತಿಂಗಳಲ್ಲಿ ಅಮೆರಿಕದ ನಗರಗಳಲ್ಲಿ ಒಂದು ಡಜನ್ ಕೋಳಿಮೊಟ್ಟೆಯ ಸರಾಸರಿ ಬೆಲೆ 6.23 ಡಾಲರ್ ಮುಟ್ಟಿತು. 2022ರ ಆರಂಭದಿಂದ ಅಲ್ಲಿ ಹಬ್ಬುತ್ತಿದ್ದ ಎಚ್‌5ಎನ್‌1 ಹಕ್ಕಿಜ್ವರ ಇದಕ್ಕೆ ಮುಖ್ಯ ಕಾರಣ. ಒಂದು ಸಾಕಣೆ ಕೇಂದ್ರದಲ್ಲಿ ಸೋಂಕು ಖಚಿತವಾದರೆ ಅಲ್ಲಿನ ಕೋಳಿಗಳನ್ನೆಲ್ಲ ಕೊಂದು ವಿಲೇವಾರಿ ಮಾಡುವುದು ಕ್ರಮವಾದ್ದರಿಂದ, ಮೊಟ್ಟೆಯಿಡುವ ಕೋಟಿಗಟ್ಟಲೆ ಹೇಂಟೆಗಳು ಮೂರು ವರ್ಷಗಳಲ್ಲಿ ಇಲ್ಲವಾಗಿದ್ದವು. ಬೆಲೆ ಮುಂದಿನ ತಿಂಗಳುಗಳಲ್ಲಿ ಇಳಿಯಿತಾದರೂ, ಹಿತ್ತಿಲಿನಲ್ಲಿ ನಾಲ್ಕಾರು ಕೋಳಿ ಸಾಕಿದರೆ ಹೇಗೆ ಎಂಬ ಯೋಚನೆ ಅಷ್ಟರಲ್ಲಿ ಸಾವಿರಾರು ಮನೆಗಳಿಗೆ ಹೊಕ್ಕಿತ್ತು. ಅಂಥ ಮನೆಗಳಲ್ಲಿ ಕನ್ನಡಿಗರವೂ ಇವೆ.

ಕೋಳಿ ಸಾಕಬೇಕೆಂದು ಹೊರಟವರಿಗೆ ಮೊದಲು ಎದುರಾಗುವುದು ಗೂಡಿನ ಪ್ರಶ್ನೆ. ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕೌಂಟಿಯ ಹೆದ್ದಾರಿಗಳ ಪಕ್ಕದಲ್ಲಿ ಸಾಲಾಗಿ ಇಟ್ಟ ಮರದ ಗೂಡುಗಳ ಮೇಲೆ ‘ಅಮಿಶ್ ನಿರ್ಮಿತ’ ಎಂಬ ಫಲಕ ಕಾಣುತ್ತದೆ; ಬೆಲೆ ಕೇಳಿದರೆ ಬಿಡುಭಾಗಗಳಾಗಿ ರಟ್ಟಿನ ಪೆಟ್ಟಿಗೆಯಲ್ಲಿ ಬರುವ ಅಗ್ಗದ ಗೂಡಿಗಿಂತ ಬಹಳ ಹೆಚ್ಚು. ಈ ಅಮಿಶ್ ಮರಗೆಲಸವೆಂದರೆ ಏನು, ಅದರಲ್ಲಿ ನಾವು ಕಲಿತು ನಮ್ಮ ಕೈಯಿಂದಲೇ ಮಾಡಬಹುದಾದದ್ದು ಎಷ್ಟು, ಕೋಳಿಗೂಡಿಗೆ ನಿಜವಾಗಿ ಬೇಕಾದದ್ದು ಯಾವುದು ಎಂಬುದನ್ನು ಮೂಲದಿಂದ ನೋಡೋಣ.

ಅಮಿಶರು ಯಾರು

ಹದಿನಾರನೆಯ ಶತಮಾನದಲ್ಲಿ ಯುರೋಪಿನ ಕ್ರೈಸ್ತ ಮತದೊಳಗೆ ಸುಧಾರಣೆಯ ಚಳವಳಿ ನಡೆಯುತ್ತಿದ್ದಾಗ, ಹಸುಗೂಸಿಗೆ ದೀಕ್ಷೆ ಕೊಡುವುದು ಸರಿಯಲ್ಲ, ತಿಳಿವಳಿಕೆ ಬಂದ ಮೇಲೆ ಮನುಷ್ಯ ತಾನೇ ಒಪ್ಪಿ ದೀಕ್ಷೆ ಪಡೆಯಬೇಕು ಎಂದು ವಾದಿಸಿದ ಒಂದು ಗುಂಪು 1525ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ ಹುಟ್ಟಿಕೊಂಡಿತು. ಆ ಪರಂಪರೆಯೊಳಗೆ, ಸಭೆಯ ಶಿಸ್ತು ಇನ್ನೂ ಬಿಗಿಯಾಗಿರಬೇಕೆಂದು 1693ರಲ್ಲಿ ಬೇರೆಯಾದ ಯಾಕೊಬ್ ಅಮ್ಮಾನ್ ಎಂಬವರ ಅನುಯಾಯಿಗಳಿಗೆ ಅಮಿಶ್ ಎಂಬ ಹೆಸರು ಬಂತು. ಕಿರುಕುಳ ತಾಳಲಾರದೆ ಅವರು ಹದಿನೆಂಟನೆಯ ಶತಮಾನದಲ್ಲಿ ಪೆನ್ಸಿಲ್ವೇನಿಯಾಕ್ಕೆ ವಲಸೆ ಬಂದರು. ಇಂದು ಅವರ ಸಂಖ್ಯೆ ಸುಮಾರು 4 ಲಕ್ಷ. ಲ್ಯಾಂಕಾಸ್ಟರ್, ಒಹಾಯೊ ರಾಜ್ಯದ ಹೋಮ್ಸ್ ಕೌಂಟಿ ಮತ್ತು ಇಂಡಿಯಾನಾ ರಾಜ್ಯದ ಉತ್ತರ ಭಾಗ ಅವರ ದೊಡ್ಡ ನೆಲೆಗಳು.

ಅವರ ಬದುಕನ್ನು ನಡೆಸುವುದು ‘ಓರ್ಡ್‌ನುಂಗ್’ ಎಂಬ ಕಟ್ಟಳೆ. ಇದು ಬಹುಮಟ್ಟಿಗೆ ಬಾಯಿಮಾತಿನಲ್ಲೇ ಇರುವಂಥದ್ದು. ಇಪ್ಪತ್ತೈದರಿಂದ ನಲವತ್ತು ಮನೆಗಳ ಒಂದೊಂದು ಸಭೆಯೂ ಯಾವ ವಸ್ತು ಬಳಸಬಹುದು, ಯಾವುದು ಕೂಡದು ಎಂದು ತನ್ನಷ್ಟಕ್ಕೆ ತೀರ್ಮಾನಿಸುತ್ತದೆ. ಆದ್ದರಿಂದ ‘ಅಮಿಶರು ಹೀಗೆ ಮಾಡುತ್ತಾರೆ’ ಎಂದು ಒಂದೇ ಮಾತಿನಲ್ಲಿ ಹೇಳುವುದು ಕಷ್ಟ. ಮನೆಯೊಳಗೆ ಅವರು ಪೆನ್ಸಿಲ್ವೇನಿಯಾ ಡಚ್ ಎಂಬ ಜರ್ಮನ್ ಉಪಭಾಷೆಯನ್ನಾಡುತ್ತಾರೆ. ತಮ್ಮವರಲ್ಲದವರನ್ನು ‘ಇಂಗ್ಲಿಷರು’ ಎಂದು ಕರೆಯುವುದು ಅವರಲ್ಲಿ ರೂಢಿ. ಹಾಗಾಗಿ ಗೂಡು ಕೊಳ್ಳಲು ಹೋದ ಹಾಸನದವರೂ ಅಲ್ಲಿ ಇಂಗ್ಲಿಷರೇ.

ಮಕ್ಕಳು ಎಂಟನೆಯ ತರಗತಿಯವರೆಗೆ ಮಾತ್ರ ಶಾಲೆಗೆ ಹೋಗುತ್ತಾರೆ. ಅದನ್ನು ಮೀರಿ ಕಡ್ಡಾಯ ಮಾಡುವುದು ಅವರ ಧಾರ್ಮಿಕ ಸ್ವಾತಂತ್ರ್ಯಕ್ಕೆ ಧಕ್ಕೆ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1972ರಲ್ಲಿ ತೀರ್ಪಿತ್ತಿದೆ. ಮರಗೆಲಸದ ದೃಷ್ಟಿಯಿಂದ ಇದು ದೊಡ್ಡ ಸಂಗತಿ. ಹದಿನಾಲ್ಕು ಹದಿನೈದರ ಹುಡುಗ ಅಪ್ಪನ ಅಥವಾ ಚಿಕ್ಕಪ್ಪನ ಕಾರ್ಯಾಗಾರದಲ್ಲಿ ಕೈಯಾಳಾಗಿ ನಿಂತರೆ, ಇಪ್ಪತ್ತಕ್ಕೆ ಬರುವ ಹೊತ್ತಿಗೆ ಐದಾರು ವರ್ಷಗಳ ಅನುಭವವಿರುತ್ತದೆ. ಕುಟುಂಬಗಳು ದೊಡ್ಡವು, ಹೊಲದ ಬೆಲೆ ಏರುತ್ತಲೇ ಇದೆ. ಎಲ್ಲ ಗಂಡುಮಕ್ಕಳಿಗೂ ಜಮೀನು ಸಾಲದೆ ಬಂದಾಗ, ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಪೀಠೋಪಕರಣ, ಶೆಡ್ಡು, ಕೋಳಿಗೂಡುಗಳ ಸಣ್ಣ ಕಾರ್ಯಾಗಾರಗಳು ಹೆಚ್ಚತೊಡಗಿದವು.

ತಂತಿಯಿಲ್ಲದ ಕಾರ್ಯಾಗಾರ

ಅಮಿಶ್ ಬಡಗಿ ಯಂತ್ರವನ್ನೇ ಮುಟ್ಟುವುದಿಲ್ಲ ಎಂಬುದು ಜನಪ್ರಿಯ ತಪ್ಪುಕಲ್ಪನೆ. ಹೆಚ್ಚಿನ ಸಭೆಗಳು ನಿಷೇಧಿಸಿರುವುದು ಹೊರಗಿನ ಜಾಲದಿಂದ ಬರುವ ವಿದ್ಯುತ್ ತಂತಿಯನ್ನು. ಆ ತಂತಿಯ ಜೊತೆಗೆ ಟಿ.ವಿ.ಯೂ ಅದರ ಹಿಂದೆ ಹೊರಗಿನ ಬದುಕಿನ ರೀತಿಯೂ ಮನೆಯೊಳಗೆ ಬರುತ್ತವೆ, ನೆರೆಹೊರೆಯ ಮೇಲಿನ ಅವಲಂಬನೆ ಸಡಿಲಾಗುತ್ತದೆ ಎಂಬುದು ಅವರ ಆತಂಕ. ಯಂತ್ರ ತಿರುಗುವುದಕ್ಕೇ ಅವರ ವಿರೋಧವಿಲ್ಲ.

ಆದ್ದರಿಂದ ಅನೇಕ ಕಾರ್ಯಾಗಾರಗಳ ಹೊರಗೆ ಒಂದು ಡೀಸೆಲ್ ಎಂಜಿನ್ ಇರುತ್ತದೆ. ಕೆಲವು ಕಡೆ ಅದು ಉದ್ದನೆಯ ಕಬ್ಬಿಣದ ದಂಡವೊಂದನ್ನು ತಿರುಗಿಸುತ್ತದೆ, ಆ ದಂಡದಿಂದ ಪಟ್ಟಾಗಳ ಮೂಲಕ ಗರಗಸ, ಹತ್ತರಿ ಯಂತ್ರಗಳಿಗೆ ಚಾಲನೆ ಸಿಗುತ್ತದೆ. ನಮ್ಮೂರಿನ ಹಳೆಯ ಹಿಟ್ಟಿನ ಗಿರಣಿಯಲ್ಲಿ ಒಂದೇ ಮೋಟಾರಿನಿಂದ ಬೆಲ್ಟು ಹಾಕಿ ರಾಗಿಯ ಕಲ್ಲನ್ನೂ ಖಾರದಪುಡಿಯ ಯಂತ್ರವನ್ನೂ ಓಡಿಸುತ್ತಿದ್ದುದನ್ನು ನೆನೆದರೆ ಚಿತ್ರ ಸ್ಪಷ್ಟವಾಗುತ್ತದೆ. ಇನ್ನು ಕೆಲವು ಕಡೆ ಅದೇ ಎಂಜಿನ್ ಪಂಕ್ಚರ್ ಅಂಗಡಿಯಲ್ಲಿರುವಂಥ ಕಂಪ್ರೆಸರ್ ನಡೆಸಿ, ಒತ್ತಿಟ್ಟ ಗಾಳಿಯಿಂದ ಮೊಳೆ ಹೊಡೆಯುವ, ತೂತು ಕೊರೆಯುವ, ಉಜ್ಜುವ ಉಪಕರಣಗಳಿಗೆ ಬಲ ಕೊಡುತ್ತದೆ.

ಇದರಿಂದ ಕೊಳ್ಳುವವರು ತಿಳಿಯಬೇಕಾದದ್ದು ಇಷ್ಟು: ‘ಅಮಿಶ್ ನಿರ್ಮಿತ’ ಎಂಬ ಫಲಕ ಯಾರು ಕಟ್ಟಿದರು ಎಂಬುದನ್ನು ಹೇಳುತ್ತದೆ, ಹೇಗೆ ಕಟ್ಟಿದರು ಎಂಬುದನ್ನಲ್ಲ. ಹೆದ್ದಾರಿಯ ಪಕ್ಕದ ಬಹುಪಾಲು ಗೂಡುಗಳು ಮಿಲ್ಲಿನಲ್ಲಿ ಕೊಯ್ದ ಮರ, ಹೊರಗೋಡೆಗೆ ಬಡಿಯುವ ಕಾರ್ಖಾನೆಯ ಹಾಳೆ ಮತ್ತು ಗಾಳಿಬಂದೂಕಿನ ಮೊಳೆಗಳಿಂದಲೇ ಆದವು. ಅವು ಕಳಪೆಯೆಂದು ಅರ್ಥವಲ್ಲ, ಆದರೆ ಮರದ ಗೂಟ ಬಡಿದ ಕೀಲನ್ನು ಅಲ್ಲಿ ಹುಡುಕಿದರೆ ನಿರಾಶೆಯಾದೀತು. ಆ ಹಳೆಯ ಕೀಲು ಕಾಣಬೇಕಾದರೆ ಶತಮಾನ ದಾಟಿದ ಕೊಟ್ಟಿಗೆಗಳ ಒಳಗೆ ತಲೆಯೆತ್ತಿ ನೋಡಬೇಕು. ಈ ವಿದ್ಯೆ ಅಮಿಶರೊಬ್ಬರ ಸ್ವತ್ತೂ ಅಲ್ಲ. ಜರ್ಮನಿ, ಸ್ವಿಟ್ಜರ್ಲೆಂಡ್, ಇಂಗ್ಲೆಂಡುಗಳಿಂದ ಬಂದ ಬಡಗಿಗಳೆಲ್ಲ ಹೀಗೆಯೇ ಕಟ್ಟುತ್ತಿದ್ದರು.

ಕಡಿದ ಮೇಲೂ ಮರ ಅಲುಗುತ್ತದೆ

ಕೀಲಿನ ವಿಚಾರಕ್ಕೆ ಹೋಗುವ ಮುನ್ನ ಮರದ ಒಂದು ಗುಣವನ್ನು ತಿಳಿಯಬೇಕು, ಏಕೆಂದರೆ ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಮರದ ತುಂಡೆಂದರೆ ಒತ್ತಾಗಿ ಕಟ್ಟಿದ ಒಣಹುಲ್ಲಿನ ಕಂತೆಯಿದ್ದಂತೆ. ಕಂತೆಯನ್ನು ನೀರಿನಲ್ಲಿ ನೆನೆಸಿದರೆ ಹುಲ್ಲುಕಡ್ಡಿಗಳು ಉಬ್ಬಿ ಕಂತೆ ದಪ್ಪವಾಗುತ್ತದೆ, ಆದರೆ ಉದ್ದವಾಗುವುದಿಲ್ಲ. ಮರವೂ ಹಾಗೆಯೇ: ಗಾಳಿಯ ತೇವ ಹೀರಿದಾಗ ಅಗಲದಲ್ಲಿ ಹಿಗ್ಗುತ್ತದೆ, ಒಣಗಿದಾಗ ಅಗಲದಲ್ಲಿ ಕುಗ್ಗುತ್ತದೆ, ಉದ್ದದಲ್ಲಿ ಆಗುವ ವ್ಯತ್ಯಾಸ ನಗಣ್ಯ. ಆಷಾಢದ ಮಳೆಯಲ್ಲಿ ಮಲೆನಾಡಿನ ಮನೆಯ ಬಾಗಿಲು ದಾರಂದಕ್ಕೆ ಕಚ್ಚಿಕೊಂಡು ಬೇಸಿಗೆಯಲ್ಲಿ ಸಲೀಸಾಗಿ ತೆರೆಯುವುದೂ, ಸಡಿಲವಾದ ಗುದ್ದಲಿಯ ಕಾವನ್ನು ರಾತ್ರಿ ನೀರಿನಲ್ಲಿಟ್ಟರೆ ಬೆಳಗ್ಗೆ ಬಿಗಿಯಾಗಿರುವುದೂ ಇದೇ ಕಾರಣದಿಂದ.

ಎಷ್ಟು ಹಿಗ್ಗುತ್ತದೆ ಎಂಬುದಕ್ಕೆ ಲೆಕ್ಕವಿದೆ. ಅಮೆರಿಕದ ಪೂರ್ವಭಾಗದ ಬಿಳಿ ಪೈನ್ ಮರ ಹಸಿಯಿಂದ ಪೂರ್ತಿ ಒಣಗುವವರೆಗೆ, ವಾರ್ಷಿಕ ಉಂಗುರಗಳ ಗುಂಟ ಶೇ. 6.1ರಷ್ಟೂ ತಿರುಳಿನಿಂದ ತೊಗಟೆಯ ದಿಕ್ಕಿಗೆ ಶೇ. 2.1ರಷ್ಟೂ ಕುಗ್ಗುತ್ತದೆ. ಬಿಳಿ ಓಕ್ ಮರದಲ್ಲಿ ಇವು ಶೇ. 10.5 ಮತ್ತು 5.6. ಗೂಡಿನ ಗೋಡೆಗೆ ಹಾಕುವ ಒಂಬತ್ತೂಕಾಲು ಇಂಚು ಅಗಲದ ಪೈನ್ ಹಲಗೆಯೊಂದರಲ್ಲಿ ಮಳೆಯ ಬೇಸಿಗೆಗೂ ಒಣ ಚಳಿಗಾಲಕ್ಕೂ ನಡುವೆ ತೇವಾಂಶ ಶೇ. 6ರಷ್ಟು ಏರಿಳಿದರೆ ಅಗಲದಲ್ಲಿ ಸುಮಾರು 3 ಮಿಲಿಮೀಟರ್ ವ್ಯತ್ಯಾಸವಾಗುತ್ತದೆ. ಒಂದು ಹಲಗೆಗೆ ಇದು ಏನೂ ಅಲ್ಲವೆನ್ನಿಸಬಹುದು. ಆರಡಿ ಗೋಡೆಗೆ ಏಳೆಂಟು ಹಲಗೆಗಳನ್ನು ಸಂದಿಯಿಲ್ಲದೆ ಒತ್ತಿ ಮೊಳೆ ಹೊಡೆದರೆ ಮಾತ್ರ, ಹೋಗಲು ಜಾಗವಿಲ್ಲದ ಮುಕ್ಕಾಲು ಇಂಚಿಗೂ ಮೀರಿದ ಹಿಗ್ಗು ಹಲಗೆಯನ್ನು ಬಾಗಿಸುತ್ತದೆ ಅಥವಾ ಮೊಳೆಯನ್ನು ಕೀಳುತ್ತದೆ. ಮರದ ಈ ಓಡಾಟವನ್ನು ತಡೆಯಲು ಹೋಗದೆ ಅದಕ್ಕೆ ಎಡೆಮಾಡಿಕೊಡುವುದು ಒಳ್ಳೆಯ ಬಡಗಿಯ ಲಕ್ಷಣ.

ಗೂಟ ಬಡಿದ ಕೀಲು

ಹಳೆಯ ಕೊಟ್ಟಿಗೆಯ ತೊಲೆ ಕಂಬಕ್ಕೆ ಸೇರುವ ಕಡೆ ಕಬ್ಬಿಣ ಕಾಣುವುದಿಲ್ಲ. ತೊಲೆಯ ತುದಿಯನ್ನು ಎರಡೂ ಪಕ್ಕ ಕೆತ್ತಿ ಒಂದು ನಾಲಗೆ ಉಳಿಸುತ್ತಾರೆ. ಕಂಬದಲ್ಲಿ ಉಳಿಯಿಂದ ಅದೇ ಅಳತೆಯ ಕಂಡಿ ತೋಡುತ್ತಾರೆ. ನಾಲಗೆಯನ್ನು ಕಂಡಿಗೆ ಹೊಗಿಸಿ, ಅಡ್ಡಲಾಗಿ ತೂತು ಕೊರೆದು ಓಕ್ ಅಥವಾ ಲೋಕಸ್ಟ್ ಮರದ ಗೂಟ ಬಡಿಯುತ್ತಾರೆ. ನಮ್ಮ ಹಳೆಯ ತೊಟ್ಟಿಮನೆಗಳ ಮರಗೆಲಸ ನೋಡಿದವರಿಗೆ ಇದು ಅಪರಿಚಿತವಲ್ಲ.

ಇದರೊಳಗಿನ ಜಾಣ್ಮೆ ತೂತಿನ ಜಾಗದಲ್ಲಿದೆ. ಬಡಗಿ ಮೊದಲು ಕಂಡಿಯಿರುವ ಮರದಲ್ಲಿ ಮಾತ್ರ ತೂತು ಕೊರೆಯುತ್ತಾನೆ. ಆಮೇಲೆ ನಾಲಗೆಯನ್ನು ಹೊಗಿಸಿ, ಬೈರಿಗೆಯ ಮೊನೆಯನ್ನು ಆ ತೂತಿನೊಳಗಿಂದ ಒತ್ತಿ ನಾಲಗೆಯ ಮೇಲೆ ಒಂದು ಚುಕ್ಕೆ ಮೂಡಿಸುತ್ತಾನೆ. ನಾಲಗೆಯನ್ನು ಹೊರತೆಗೆದು, ಆ ಚುಕ್ಕೆಯಲ್ಲಿ ಕೊರೆಯದೆ, ನಾಲಗೆಯ ಬುಡದ ಕಡೆಗೆ ಕೂದಲೆಳೆ ಸರಿಸಿ ಹೊಸ ಚುಕ್ಕೆ ಇಡುತ್ತಾನೆ: ಸಣ್ಣ ಬಾಗಿಲಿನ ಕೆಲಸಕ್ಕಾದರೆ ಒಂದೂವರೆ ಮಿಲಿಮೀಟರ್, ದೊಡ್ಡ ತೊಲೆಗಾದರೆ ಅದರ ದುಪ್ಪಟ್ಟು. ಎರಡನ್ನೂ ಮತ್ತೆ ಸೇರಿಸಿದಾಗ ತೂತುಗಳು ನೇರವಾಗಿ ಕೂಡುವುದಿಲ್ಲ, ಸೊಟ್ಟಗಿರುತ್ತವೆ. ಮೊನೆ ತೆಳುಮಾಡಿದ ಗೂಟವನ್ನು ಕೊಡತಿಯಿಂದ ಹೊಡೆದಾಗ ಅದು ಸೊಟ್ಟ ದಾರಿಯಲ್ಲಿ ಬಾಗಿ ಹೋಗುತ್ತ, ನಾಲಗೆಯನ್ನು ಕಂಡಿಯೊಳಕ್ಕೆ ಇನ್ನಷ್ಟು ಎಳೆದುಕೊಳ್ಳುತ್ತದೆ. ಕೊನೆಯ ಎರಡು ಮೂರು ಏಟಿಗೆ ಸದ್ದೇ ಬದಲಾಗುತ್ತದೆ; ಟೊಳ್ಳು ಸದ್ದು ಹೋಗಿ ಗಟ್ಟಿ ಸದ್ದು ಬಂದರೆ ಕೀಲು ಕೂತಿತೆಂದು ಅರ್ಥ. ಅಂಟು ಬೇಕಿಲ್ಲ.

ಇನ್ನೊಂದು ಉಪಾಯವೂ ಇದರ ಜೊತೆಗಿದೆ. ತೊಲೆ ಕಂಬಗಳು ಹಸಿ ಮರದವು, ಏಕೆಂದರೆ ಹಸಿ ಓಕ್ ಉಳಿಗೆ ಸುಲಭವಾಗಿ ಬಗ್ಗುತ್ತದೆ. ಗೂಟ ಮಾತ್ರ ಚೆನ್ನಾಗಿ ಒಣಗಿದ್ದು. ವರ್ಷಗಳು ಕಳೆದಂತೆ ಕಂಬ ಒಣಗಿ ಕುಗ್ಗುತ್ತದೆ, ಆಗಲೇ ಕುಗ್ಗಿ ಮುಗಿಸಿರುವ ಗೂಟ ಹಾಗೆಯೇ ಉಳಿಯುತ್ತದೆ. ಎತ್ತಿನಗಾಡಿಯ ಚಕ್ರಕ್ಕೆ ಕಾಯಿಸಿದ ಕಬ್ಬಿಣದ ಪಟ್ಟಿ ತೊಡಿಸಿ ನೀರು ಸುರಿದಾಗ ಪಟ್ಟಿ ಕುಗ್ಗಿ ಚಕ್ರವನ್ನು ಹಿಡಿಯುವಂತೆ, ಇಲ್ಲಿ ಮರವೇ ಮರವನ್ನು ಹಿಡಿಯುತ್ತದೆ.

ಕೊಟ್ಟಿಗೆ ಎತ್ತುವ ದಿನ

ಅಮಿಶರ ಬಗ್ಗೆ ಹೇಳುವಾಗ ಒಂದೇ ದಿನದಲ್ಲಿ ಎದ್ದು ನಿಲ್ಲುವ ಕೊಟ್ಟಿಗೆಯ ಮಾತು ಬಂದೇ ಬರುತ್ತದೆ. ಬೆಂಕಿಗೋ ಬಿರುಗಾಳಿಗೋ ಒಬ್ಬರ ಕೊಟ್ಟಿಗೆ ಹೋದರೆ ನೂರಾರು ಗಂಡಸರು ಸೇರಿ ಹೊಸದನ್ನು ಎತ್ತಿ ನಿಲ್ಲಿಸುತ್ತಾರೆ, ಹೆಂಗಸರು ಅಷ್ಟೂ ಜನಕ್ಕೆ ಅಡುಗೆ ಮಾಡುತ್ತಾರೆ, ಯಾರಿಗೂ ಕೂಲಿಯಿಲ್ಲ. ಮಲೆನಾಡಿನ ನಾಟಿಗದ್ದೆಯ ಮುಯ್ಯಾಳು ಪದ್ಧತಿ ಬಲ್ಲವರಿಗೆ ಇದರ ತರ್ಕ ವಿವರಿಸಬೇಕಾಗಿಲ್ಲ. ‘ಒಂದೇ ದಿನ’ ಎನ್ನುವಾಗ ಬಿಟ್ಟುಹೋಗುವ ಸಂಗತಿಯೆಂದರೆ ಅದರ ಹಿಂದಿನ ವಾರಗಳ ಸಿದ್ಧತೆ: ಅಡಿಪಾಯ ಮುಗಿದಿರುತ್ತದೆ, ಮರ ಅಳತೆಗೆ ಕೊಯ್ದು ಒಟ್ಟಿರುತ್ತದೆ, ಯಾವ ತುಂಡು ಎಲ್ಲಿಗೆಂದು ಹಿರಿಯ ಬಡಗಿಯ ತಲೆಯಲ್ಲಿರುತ್ತದೆ. ಕೋಳಿಗೂಡನ್ನು ಶನಿವಾರ ಭಾನುವಾರದಲ್ಲಿ ಮುಗಿಸುತ್ತೇನೆಂದು ಹೊರಡುವವರಿಗೆ ಇದು ಉಪಯೋಗದ ಮಾತು. ಕೊಯ್ಯುವ ಕೆಲಸವೆಲ್ಲ ಮೊದಲೇ ಆಗಿದ್ದರೆ ಜೋಡಿಸುವುದು ಎರಡು ದಿನದ ಮಾತೇ.

ಕೋಳಿಗೆ ಏನು ಬೇಕು

ಊರಿನಲ್ಲಿ ಸಂಜೆ ಬಿದಿರಿನ ಬುಟ್ಟಿ ಕವುಚಿ ಅದರ ಮೇಲೊಂದು ಕಲ್ಲಿಟ್ಟರೆ ಕೋಳಿಯ ಮನೆ ಮುಗಿಯಿತು. ಹಿಮ ಬೀಳುವ, ಕೋಳಿ ಕದಿಯುವ ರಕೂನ್ ಎಂಬ ಕಾಡುಪ್ರಾಣಿ ತಿರುಗುವ ಪೆನ್ಸಿಲ್ವೇನಿಯಾದಲ್ಲಿ ಅದು ನಡೆಯುವುದಿಲ್ಲ. ಅಲ್ಲಿನ ಸಾಕಣೆದಾರರು ಸಾಮಾನ್ಯವಾಗಿ ಅನುಸರಿಸುವ ಅಳತೆಯಂತೆ ಒಂದು ಕೋಳಿಗೆ ಗೂಡಿನೊಳಗೆ 4 ಚದರ ಅಡಿ ನೆಲ, ಹೊರಗೆ ಜಾಲರಿಯ ಅಂಗಳದಲ್ಲಿ 8ರಿಂದ 10 ಚದರ ಅಡಿ, ರಾತ್ರಿ ಕೂರುವ ಅಡ್ಡೆಯ ಮೇಲೆ 8ರಿಂದ 10 ಇಂಚು ಉದ್ದ ಬೇಕು. ಮೊಟ್ಟೆಯಿಡಲು ಒಂದಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಪೆಟ್ಟಿಗೆ ನಾಲ್ಕೈದು ಹೇಂಟೆಗಳಿಗೆ ಒಂದು ಸಾಕು. ನಾಲ್ಕಿಟ್ಟರೂ ಅವು ಒಂದಕ್ಕೇ ಸಾಲುಗಟ್ಟಿ ನಿಲ್ಲುವುದೇ ಹೆಚ್ಚು.

ಆರು ಹೇಂಟೆಗಳಿಗೆ ಲೆಕ್ಕ ಹಾಕೋಣ. ಒಳಗೆ 24 ಚದರ ಅಡಿ ಬೇಕು. ಹೊರ ಅಳತೆಯನ್ನು 4 ಅಡಿಗೆ 6 ಅಡಿ ಇಟ್ಟರೆ ಸರಿಹೋಗುತ್ತದೆಂದು ಮೊದಲಿಗೆ ತೋರುತ್ತದೆ, ಆದರೆ ಗೋಡೆಯ ಚೌಕಟ್ಟು ಪ್ರತಿ ಬದಿಯಲ್ಲೂ ಮೂರೂವರೆ ಇಂಚು ನುಂಗುತ್ತದೆ. 5 ಅಡಿಗೆ 6 ಅಡಿ ಇಟ್ಟರೆ ಒಳಗೆ 53 ಇಂಚಿಗೆ 65 ಇಂಚು, ಅಂದರೆ ಹತ್ತಿರಹತ್ತಿರ 24 ಚದರ ಅಡಿ ಉಳಿಯುತ್ತದೆ. 65 ಇಂಚಿನ ಅಡ್ಡೆಯ ಮೇಲೆ ಆರೂ ಕೋಳಿಗಳು ಒಂದೇ ಸಾಲಿನಲ್ಲಿ ಕೂರಬಹುದು. ಅಡ್ಡೆ ಮೊಟ್ಟೆಪೆಟ್ಟಿಗೆಗಿಂತ ಎತ್ತರದಲ್ಲಿರಲೇಬೇಕು, ಏಕೆಂದರೆ ಕೋಳಿ ರಾತ್ರಿ ಮಲಗಲು ಸಿಕ್ಕುವ ಅತಿ ಎತ್ತರದ ಜಾಗವನ್ನೇ ಹುಡುಕುತ್ತದೆ. ಪೆಟ್ಟಿಗೆ ಎತ್ತರವಾದರೆ ಅದರಲ್ಲೇ ಮಲಗಿ, ಹಿಕ್ಕೆ ಹಾಕಿ, ಬೆಳಗ್ಗೆ ಅದರ ಮೇಲೆಯೇ ಮೊಟ್ಟೆಯಿಡುತ್ತದೆ. ಅಡ್ಡೆಯ ಅಗಲವಾದ ಮುಖ ಮೇಲಿದ್ದರೆ ಕೋಳಿ ತನ್ನ ಬೆರಳುಗಳನ್ನು ಪುಕ್ಕದಡಿ ಮುಚ್ಚಿಕೊಂಡು ಚಳಿಯಿಂದ ಕಾಪಾಡಿಕೊಳ್ಳುತ್ತದೆ.

ಮರ ಕೊಳ್ಳುವಾಗ

ಅಮೆರಿಕದ ಮರದ ಅಂಗಡಿಯಲ್ಲಿ ಹೊಸಬರನ್ನು ಗೊಂದಲಕ್ಕೆ ಕೆಡಹುವುದು ಹೆಸರು ಮತ್ತು ಅಳತೆಯ ವ್ಯತ್ಯಾಸ. ‘ಟೂ-ಬೈ-ಫೋರ್’ ಎಂದು ಕೊಳ್ಳುವ ಪಟ್ಟಿಯ ನಿಜವಾದ ಅಳತೆ 2 ಇಂಚಿಗೆ 4 ಇಂಚಲ್ಲ, ಒಂದೂವರೆ ಇಂಚಿಗೆ ಮೂರೂವರೆ ಇಂಚು. ‘ಒನ್-ಬೈ-ಟೆನ್’ ಹಲಗೆ ಮುಕ್ಕಾಲು ಇಂಚು ದಪ್ಪ, ಒಂಬತ್ತೂಕಾಲು ಇಂಚು ಅಗಲ. ಹೆಸರು ಒರಟಾಗಿ ಕೊಯ್ದಾಗಿನದು. ಒಣಗಿಸಿ ನುಣುಪು ಮಾಡಿದ ಮೇಲೆ ಉಳಿದದ್ದು ಅಂಗಡಿಗೆ ಬರುತ್ತದೆ. ನಕ್ಷೆ ಬರೆಯುವಾಗ ನಿಜವಾದ ಅಳತೆಯನ್ನೇ ಹಿಡಿಯಬೇಕು.

ನೆಲಕ್ಕೆ ತಾಗುವ ಮರ ಗೆದ್ದಲು ಮತ್ತು ಕೊಳೆತ ತಡೆಯುವ ರಾಸಾಯನಿಕ ಒತ್ತಿ ತುಂಬಿದ್ದಾಗಿರಬೇಕು. ಈಗಿನ ಅಂಥ ಮರದಲ್ಲಿ ತಾಮ್ರದ ಅಂಶ ಹೆಚ್ಚಿರುವುದರಿಂದ ಸಾದಾ ಮೊಳೆ ಬೇಗ ತುಕ್ಕು ಹಿಡಿಯುತ್ತದೆ. ದಪ್ಪ ಸತುವಿನ ಲೇಪನದ ಮೊಳೆ ಬೇಕು. ಯಾರದೋ ಹಳೆಯ ಜಗಲಿ ಕಿತ್ತ ಮರ ಬಿಟ್ಟಿಯಾಗಿ ಸಿಕ್ಕಿತೆಂದು ತರುವ ಮುನ್ನ ಯೋಚಿಸಬೇಕು: 2003ರ ಕೊನೆಯವರೆಗೆ ಮನೆಬಳಕೆಗೆ ಮಾರಾಟವಾಗುತ್ತಿದ್ದ ಸಂಸ್ಕರಿತ ಮರದಲ್ಲಿ ಆರ್ಸೆನಿಕ್ ಇರುತ್ತಿತ್ತು. ಕೋಳಿ ಕಂಡದ್ದನ್ನೆಲ್ಲ ಕುಕ್ಕುವ ಪ್ರಾಣಿ. ಗೋಡೆಗೆ ಪೈನ್ ಸಾಕು. ನೆಲಕ್ಕೆ ಹಾಸುವ ಹತ್ತರಿಹೊಟ್ಟು ಕೂಡ ಪೈನ್ ಮರದ್ದೇ ಇರಲಿ. ಸೀಡರ್ ಮರದ ಹೊಟ್ಟಿನ ಗಾಢ ವಾಸನೆ ಕೋಳಿಯ ಉಸಿರಾಟಕ್ಕೆ ಒಳ್ಳೆಯದಲ್ಲ.

ಕಟ್ಟುವ ಬಗೆ

ಮೊದಲು ಬುಡ. ನಾಲ್ಕು ಇಂಚಿನ ಎರಡು ಸಂಸ್ಕರಿತ ಮರಗಳನ್ನು ಜಾರುಬಂಡಿಯ ಕಾಲುಗಳಂತೆ ಸಮಾನಾಂತರವಾಗಿ ಕಾಂಕ್ರೀಟ್ ಇಟ್ಟಿಗೆಗಳ ಮೇಲಿಡಬೇಕು. ಅಮಿಶ್ ಶೆಡ್ಡುಗಳ ಬುಡವೂ ಹೀಗೆಯೇ ಇರುತ್ತದೆ; ಇಡೀ ಶೆಡ್ಡನ್ನು ಲಾರಿಯ ಮೇಲೆ ಸರಿಸಲು ಇದು ಅನುಕೂಲ. ಕೋಳಿಗೂಡಿಗೆ ಇದರಿಂದ ಇನ್ನೊಂದು ಲಾಭವಿದೆ, ಅಡಿಯಲ್ಲಿ ಗಾಳಿ ಬೆಳಕು ಆಡುವುದರಿಂದ ಇಲಿ ಹೆಗ್ಗಣಗಳು ಬಿಲ ಮಾಡಲು ಹಿಂಜರಿಯುತ್ತವೆ. ಕಾಲುಗಳ ಮೇಲೆ 16 ಇಂಚಿಗೊಂದರಂತೆ ಜಂತೆ, ಜಂತೆಯ ಮೇಲೆ ಮುಕ್ಕಾಲು ಇಂಚಿನ ಪ್ಲೈವುಡ್.

ಪ್ಲೈವುಡ್ ಬಡಿಯುವ ಮುನ್ನ ಮೂಲೆ ನೋಡಬೇಕು. 5 ಅಡಿಗೆ 6 ಅಡಿಯ ಚೌಕಟ್ಟಿನ ಒಂದು ಮೂಲೆಯಿಂದ ಎದುರು ಮೂಲೆಗೆ ಟೇಪು ಹಿಡಿದರೆ 7 ಅಡಿ ಒಂಬತ್ತೂಮುಕ್ಕಾಲು ಇಂಚು ಬರಬೇಕು, ಇನ್ನೆರಡು ಮೂಲೆಗಳ ನಡುವೆಯೂ ಅಷ್ಟೇ ಬರಬೇಕು. ಒಂದು ಕಡೆ ಅರ್ಧ ಇಂಚು ಹೆಚ್ಚು ಬಂದರೆ, ಹೆಚ್ಚು ಬಂದ ಮೂಲೆಗೆ ಕೊಡತಿಯಿಂದ ಮೆಲ್ಲನೆ ತಟ್ಟಿ ಮತ್ತೆ ಅಳೆಯಬೇಕು. ಈ ಐದು ನಿಮಿಷ ಉಳಿಸಿದವರು ಛಾವಣಿಯ ತಗಡು ಕೂರದೆ ಅರ್ಧ ದಿನ ಒದ್ದಾಡುತ್ತಾರೆ.

ಮುಂದಿನ ಗೋಡೆ ಆರೂವರೆ ಅಡಿ, ಹಿಂದಿನದು 5 ಅಡಿ ಎತ್ತರವಿದ್ದರೆ ಒಂದೇ ಇಳಿಜಾರಿನ ಛಾವಣಿ ಸಾಕು, ನೀರೂ ಹಿಮವೂ ಹಿಂದಕ್ಕೆ ಜಾರುತ್ತವೆ. ಅಂಚು ನಾಲ್ಕೂ ಕಡೆ ಅಡಿಯಷ್ಟು ಹೊರಚಾಚಿದರೆ ಗಾಳಿಕಂಡಿಗೆ ಮಳೆ ಹೊಡೆಯುವುದಿಲ್ಲ.

ಗೋಡೆಗೆ ಹಲಗೆ ಹಾಕುವಾಗ ಮೊದಲು ಹೇಳಿದ ಹಿಗ್ಗುಕುಗ್ಗಿನ ಮಾತು ಉಪಯೋಗಕ್ಕೆ ಬರುತ್ತದೆ. ಹಲಗೆಗಳನ್ನು ನೆಟ್ಟಗೆ ನಿಲ್ಲಿಸಿ, ಎರಡರ ನಡುವೆ ಅರ್ಧ ಇಂಚು ಸಂದಿ ಬಿಟ್ಟು, ಪ್ರತಿ ಹಲಗೆಯನ್ನೂ ಅದರ ನಡುಮಧ್ಯದಲ್ಲಿ ಮಾತ್ರ ಹಿಂದಿನ ಅಡ್ಡಪಟ್ಟಿಗೆ ಮೊಳೆ ಹೊಡೆಯಬೇಕು. ಸಂದಿಯ ಮೇಲೆ ಎರಡು ಇಂಚಿನ ರೀಪನ್ನು ಮುಚ್ಚಿ, ಅದರ ಮೊಳೆ ಎರಡೂ ಹಲಗೆಗೆ ತಾಗದೆ ಸಂದಿಯ ಮೂಲಕ ನೇರ ಅಡ್ಡಪಟ್ಟಿಗೆ ಹೋಗುವಂತೆ ಹೊಡೆಯಬೇಕು. ಈಗ ಹಲಗೆಯ ನಡು ನಿಂತಲ್ಲೇ ನಿಂತು, ಎರಡೂ ಅಂಚುಗಳು ರೀಪಿನಡಿ ಸದ್ದಿಲ್ಲದೆ ಹಿಗ್ಗುತ್ತ ಕುಗ್ಗುತ್ತ ಇರುತ್ತವೆ. ಲ್ಯಾಂಕಾಸ್ಟರಿನ ಹಳ್ಳಿಗಾಡಿನಲ್ಲಿ ಶೆಡ್ಡುಗಳ ಮೈಮೇಲೆ ಕಾಣುವ ಉದ್ದುದ್ದ ಗೆರೆಗಳು ಅಲಂಕಾರಕ್ಕೆಂದು ಹುಟ್ಟಿದವಲ್ಲ.

ಬಾಗಿಲಿನಲ್ಲಿ ಗೂಟದ ಕೀಲನ್ನು ಪ್ರಯತ್ನಿಸಬಹುದು. ನಾಲಗೆ ಮತ್ತು ಕಂಡಿ ತೋಡುವುದು ಮೊದಲ ಸಲಕ್ಕೆ ಕಷ್ಟವೆನಿಸಿದರೆ, ಎರಡೂ ಪಟ್ಟಿಗಳನ್ನು ಅರ್ಧರ್ಧ ದಪ್ಪಕ್ಕೆ ಕಚ್ಚು ಹೊಡೆದು ಒಂದರ ಮೇಲೊಂದು ಕೂರಿಸಿ, ಅಂಟು ಹಚ್ಚಿ, ಮೂರು ಎಂಟಾಂಶ ಇಂಚಿನ ಎರಡು ಓಕ್ ಗೂಟ ಬಡಿದರೂ ಗಟ್ಟಿಯಾಗಿರುತ್ತದೆ. ಬಾಗಿಲಿನ ಹಿಂದಿನ ಓರೆಪಟ್ಟಿಯ ದಿಕ್ಕನ್ನು ಅನೇಕರು ತಪ್ಪುತ್ತಾರೆ. ಅದು ಕೆಳಗಿನ ತಿರುಗಣಿಯ ಮೂಲೆಯಿಂದ ಹೊರಟು ಚಿಲಕದ ಮೇಲಿನ ಮೂಲೆಗೆ ಏರಬೇಕು. ಆಗ ಬಾಗಿಲಿನ ಜೋಲುವ ಭಾರ ಪಟ್ಟಿಯ ಮೂಲಕ ಕೆಳಗಿನ ತಿರುಗಣಿಗೆ ಇಳಿಯುತ್ತದೆ. ತಿರುಗುಮುರುಗಾದರೆ ಭಾರವೆಲ್ಲ ಮೊಳೆಗಳನ್ನೇ ಎಳೆಯುತ್ತದೆ.

ಗಾಳಿ, ಜಾಲರಿ, ಚಿಲಕ

ಚಳಿದೇಶದಲ್ಲಿ ಹೊಸಬರು ಮಾಡುವ ದೊಡ್ಡ ತಪ್ಪು ಗೂಡನ್ನು ಬೆಚ್ಚಗಿಡಲು ಎಲ್ಲ ಸಂದಿಗಳನ್ನೂ ಮುಚ್ಚುವುದು. ಕೋಳಿಗೆ ಪುಕ್ಕದ ಹೊದಿಕೆಯಿದೆ, ಒಣ ಚಳಿಯನ್ನು ಅದು ತಾಳುತ್ತದೆ, ತಾಳಲಾರದ್ದು ತೇವ. ಆರು ಕೋಳಿಗಳ ಉಸಿರು ಮತ್ತು ಹಿಕ್ಕೆಯಿಂದ ಏಳುವ ಆವಿ ಹೊರಗೆ ಹೋಗದಿದ್ದರೆ ಜುಟ್ಟಿನ ಮೇಲೆ ಕೂತು ಹೆಪ್ಪುಗಟ್ಟಿ ಚರ್ಮ ಕಪ್ಪಾಗುತ್ತದೆ, ಜೊತೆಗೆ ಅಮೋನಿಯಾ ಕಣ್ಣು ಗಂಟಲು ಸುಡುತ್ತದೆ. ಕೋಳಿಗೆ ಒಂದು ಚದರ ಅಡಿಯಂತೆ ಗಾಳಿಕಂಡಿ ಇರಬೇಕೆಂಬುದು ರೂಢಿಯ ಲೆಕ್ಕ. ನಮ್ಮ ಗೂಡಿನಲ್ಲಿ ಮುಂದೆ ಹಿಂದೆ ಛಾವಣಿಯ ಅಡಿ ಆರಡಿ ಉದ್ದಕ್ಕೂ ಅರ್ಧ ಅಡಿ ಎತ್ತರ ಬಿಟ್ಟರೆ ಹೆಚ್ಚುಕಡಿಮೆ 6 ಚದರ ಅಡಿ ಸಿಗುತ್ತದೆ. ಅಡ್ಡೆಯ ಮೇಲೆ ಕೂತ ಕೋಳಿಯ ತಲೆಗಿಂತ ಕಂಡಿ ಎತ್ತರದಲ್ಲಿರುವುದರಿಂದ ಆವಿ ಹೋಗುತ್ತದೆ, ಗಾಳಿ ಮೈಗೆ ಹೊಡೆಯುವುದಿಲ್ಲ. ಬಿಸಿಗೆಂದು ದೀಪ ತೂಗುಹಾಕುವುದು ಅಪಾಯ. ಒಣ ಹೊಟ್ಟಿನ ಮೇಲೆ ಅದು ಬಿದ್ದು ಗೂಡುಗಳು ಸುಟ್ಟುಹೋಗುವುದುಂಟು.

ಕಂಡಿಗಳಿಗೂ ಅಂಗಳಕ್ಕೂ ಹಾಕುವ ಜಾಲರಿಯಲ್ಲಿ ಎರಡು ಬಗೆ. ಆರು ಮೂಲೆಯ ಕಣ್ಣಿನ ತೆಳು ಕೋಳಿಜಾಲರಿ ಕೋಳಿಯನ್ನು ಒಳಗಿಡುತ್ತದೆ ಅಷ್ಟೇ, ರಕೂನ್ ಅದನ್ನು ಕೈಯಿಂದಲೇ ಹರಿಯುತ್ತದೆ. ಅರ್ಧ ಇಂಚಿನ ಚೌಕ ಕಣ್ಣಿನ ಬೆಸುಗೆ ಜಾಲರಿ ದುಬಾರಿಯಾದರೂ ಅದೇ ಬೇಕು, ಏಕೆಂದರೆ ನಮ್ಮ ಮುಂಗುಸಿಯನ್ನು ನೆನಪಿಸುವ ವೀಸಲ್ ಎಂಬ ಸಣ್ಣ ಬೇಟೆಗಾರ ಒಂದು ಇಂಚಿನ ತೂತಿನಲ್ಲಿ ನುಸುಳುತ್ತದೆ. ಅಂಗಳದ ಬುಡದಲ್ಲಿ ಜಾಲರಿಯನ್ನು ಒಂದಡಿ ಹೊರಕ್ಕೆ ಮಡಚಿ ನೆಲದ ಮೇಲೆ ಹಾಸಿದರೆ, ಬೇಲಿಯ ಬುಡದಲ್ಲೇ ತೋಡಲು ಬರುವ ನರಿಗೆ ಜಾಲರಿ ಅಡ್ಡಬರುತ್ತದೆ. ಹಿಂದೆ ಸರಿದು ತೋಡಬೇಕೆಂದು ಅದಕ್ಕೆ ಸಾಮಾನ್ಯವಾಗಿ ಹೊಳೆಯುವುದಿಲ್ಲ. ರಕೂನಿನ ಕೈ ಸಾದಾ ಕೊಕ್ಕೆಯನ್ನು ಎತ್ತಬಲ್ಲದು. ಒತ್ತಿ ಹಿಡಿದು ತಿರುಗಿಸಬೇಕಾದಂಥ ಚಿಲಕವೇ ಸರಿ.

ಹಕ್ಕಿಜ್ವರ ಮತ್ತು ಕಾನೂನು

ಅಂಗಳಕ್ಕೂ ಛಾವಣಿ ಹಾಕುವುದು ಈಗ ಮುಖ್ಯವಾಗಿದೆ. ಎಚ್‌5ಎನ್‌1 ವೈರಾಣುವನ್ನು ಕಾಡುಬಾತುಗಳಂಥ ನೀರಹಕ್ಕಿಗಳು ಹೊತ್ತು ತಿರುಗುತ್ತವೆ. ಅವುಗಳ ಹಿಕ್ಕೆ ಅಂಗಳದಲ್ಲಿ ಬೀಳಬಾರದು, ಕೋಳಿಯ ಕಾಳು ನೀರಿಗೆ ಅವು ಬಾಯಿಡಬಾರದು. ಗೂಡಿಗೆ ಹೋಗಲು ಬೇರೆ ಪಾದರಕ್ಷೆ ಇಡುವುದು ಅಗ್ಗದ ಮುಂಜಾಗ್ರತೆ. ಕೋಳಿ ಆರೋಗ್ಯವಾಗಿ ಕಂಡರೂ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಅದರ ಮೈಮೇಲೆ ಇರಬಹುದಾದ್ದರಿಂದ ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಬೇಕು, ಐದು ವರ್ಷದೊಳಗಿನ ಮಕ್ಕಳಿಗೆ ಕೋಳಿ ಎತ್ತಿಕೊಡಬಾರದು.

ಇನ್ನು ಅನುಮತಿ. ಕೋಳಿ ಸಾಕಬಹುದೇ, ಎಷ್ಟು, ಗೂಡು ಬೇಲಿಯಿಂದ ಎಷ್ಟು ದೂರವಿರಬೇಕು ಎಂಬುದನ್ನು ಅಮೆರಿಕದಲ್ಲಿ ಊರೂರಿನ ಆಡಳಿತವೇ ಗೊತ್ತುಮಾಡುತ್ತದೆ. ಹೇಂಟೆಗೆ ಒಪ್ಪುವ ಅನೇಕ ಊರುಗಳು ಹುಂಜಕ್ಕೆ ಒಪ್ಪುವುದಿಲ್ಲ. ಮೊಟ್ಟೆಗೆ ಹುಂಜದ ಅಗತ್ಯವೂ ಇಲ್ಲ, ಮರಿ ಬೇಕಾದರೆ ಮಾತ್ರ ಬೇಕು. ಊರು ಒಪ್ಪಿದರೂ ಬಡಾವಣೆಯ ಮನೆಮಾಲೀಕರ ಸಂಘ ಬೇಡವೆನ್ನಬಹುದು. ಮರ ಕೊಂಡು ತರುವ ಮೊದಲೇ ಎರಡು ಕಡೆಯೂ ವಿಚಾರಿಸಬೇಕು.

ಕೋಳಿಗಳನ್ನು ತಂದ ಮೇಲೆ

ಹೊಸ ಗೂಡಿಗೆ ಬಂದ ಕೋಳಿಗಳನ್ನು ಮೊದಲ ಕೆಲವು ದಿನ ಒಳಗೇ ಕೂಡಿಹಾಕಿ ನೀರು ಕಾಳು ಕೊಡಬೇಕು, ಮಲಗುವ ಜಾಗ ಯಾವುದೆಂದು ಅವಕ್ಕೆ ಗಟ್ಟಿಯಾಗಬೇಕು. ಆಮೇಲೆ ಅಂಗಳಕ್ಕೆ ಬಿಟ್ಟರೆ ಮುಸ್ಸಂಜೆಗೆ ತಾವಾಗಿಯೇ ಒಳಹೋಗಿ, ಯಾರ ಪಕ್ಕ ಯಾರು ಕೂರಬೇಕೆಂದು ಸ್ವಲ್ಪ ಹೊತ್ತು ಗುದ್ದಾಡಿ, ಅಡ್ಡೆ ಹತ್ತುತ್ತವೆ. ಮೊದಲ ಚಳಿಗಾಲ ಕಳೆದ ಮೇಲೆ ಒಮ್ಮೆ ಸುತ್ತಿ ಬಂದು ನೋಡಬೇಕು: ರೀಪಿನ ಪಕ್ಕದಲ್ಲಿ, ಬೇಸಿಗೆಯಲ್ಲಿ ಮುಚ್ಚಿದ್ದು ಈಗ ಕುಗ್ಗಿ ಹೊರಬಂದ ಹಲಗೆಯ ಅಂಚಿನಲ್ಲಿ, ಬಣ್ಣ ತಾಗದ ತೆಳುವಾದ ಹಳದಿ ಗೆರೆಯೊಂದು ಕಾಣುತ್ತದೆ. ಮೇ ತಿಂಗಳಲ್ಲಿ ಹಲಗೆ ಮತ್ತೆ ಹಿಗ್ಗುವ ಮುನ್ನ ಅಲ್ಲಿಗೆ ಒಂದು ಕೈ ಬಣ್ಣ ಹಚ್ಚಿದರೆ ಸರಿ.